ಡ್ರೈವ್‌ಗೆ ಬೇಕಾದಾಗ ಮಾತ್ರ ಮೆಸೇಜ್: ಬಾಟ್ಲಿ ಲೈನ್‌ನಲ್ಲಿ ನಾನು ಮಾಡಿದ ರೀತಿ

ನಮ್ಮ ಬಾಟ್ಲಿ ತುಂಬುವ ಲೈನ್‌ನಲ್ಲಿ ಪ್ರತಿ ಕನ್ವೇಯರ್‌ಗೂ ಮೋಟಾರಿನ ವೇಗ ನಿಯಂತ್ರಿಸುವ ಒಂದು ಪವರ್‌ಫ್ಲೆಕ್ಸ್ 525 ಡ್ರೈವ್ ಇದೆ. ಎಲ್ಲವೂ ಇತರ್‌ನೆಟ್/ಐಪಿ ಅನ್ನೋ ಕೈಗಾರಿಕಾ ನೆಟ್‌ವರ್ಕ್ ಮೇಲೆ ಒಂದು ಕಾಂಪ್ಯಾಕ್ಟ್‌ಲಾಜಿಕ್ಸ್ ಪಿಎಲ್‌ಸಿಗೆ, ಅಂದರೆ ಲೈನ್ ನಡೆಸುವ ಕಂಟ್ರೋಲರ್‌ಗೆ, ಸೇರಿವೆ. ಹಗುರ ಬಾಟ್ಲಿ ಓಡುವಾಗ ಬೆಲ್ಟ್ ನಿಧಾನವಾಗಿ ವೇಗ ಹಿಡಿಯಬೇಕು, ಇಲ್ಲದಿದ್ದರೆ ಬಾಟ್ಲಿಗಳು ಬೀಳುತ್ತವೆ. ಸೈಜ್ ಬದಲಾದಾಗಲೆಲ್ಲ ಆಪರೇಟರ್ ಪ್ಯಾನಲ್ ಬಾಗಿಲು ತೆಗೆದು, ಒಂದೊಂದೇ ಡ್ರೈವ್‌ನ ಕೀಪ್ಯಾಡ್ ಒತ್ತಿ ಪಿ041, ಪಿ042 ಅನ್ನೋ ಎರಡು ಪ್ಯಾರಾಮೀಟರ್ (ಸೆಟ್ಟಿಂಗ್) ಬದಲಾಯಿಸುತ್ತಿದ್ದರು. ಮೊದಲನೆಯದು ವೇಗ ಏರುವ ಸಮಯ, ಎರಡನೆಯದು ಇಳಿಯುವ ಸಮಯ. ಕರೆಂಟ್ ಇರುವ ಪ್ಯಾನಲ್ ಮುಂದೆ ಅಷ್ಟು ಹೊತ್ತು ಜನ ನಿಲ್ಲುವುದು ನನಗೆ ಒಪ್ಪಿಗೆಯಾಗಲಿಲ್ಲ. ಎಚ್‌ಎಂಐನಲ್ಲಿ, ಅಂದರೆ ಆಪರೇಟರ್ ಸ್ಕ್ರೀನ್‌ನಲ್ಲಿ, ಸೈಜ್ ಆರಿಸಿದರೆ ಸಾಕು, ಉಳಿದದ್ದು ಪಿಎಲ್‌ಸಿ ನೋಡಿಕೊಳ್ಳಲಿ ಅಂತ ಕೆಲಸ ಶುರು ಮಾಡಿದೆ.

ಸ್ಟಾರ್ಟ್, ಸ್ಟಾಪ್, ಸ್ಪೀಡ್ ಇವೆಲ್ಲ ಆರ್‌ಪಿಐ (ಎಷ್ಟು ಮಿಲಿಸೆಕೆಂಡಿಗೊಮ್ಮೆ ಕಳಿಸಬೇಕು ಅನ್ನೋ ಸೆಟ್ಟಿಂಗ್) ಪ್ರಕಾರ ಯುಡಿಪಿ ಮೇಲೆ, ಉತ್ತರಕ್ಕೆ ಕಾಯದೆ, ಸದಾ ಹರಿಯುತ್ತಿರುತ್ತವೆ. ಆಗಾಗ ಮಾತ್ರ ಬದಲಾಗುವ ಪ್ಯಾರಾಮೀಟರ್‌ಗೆ ಅದು ಬೇಡ. ಆ ಹರಿವಿನಲ್ಲೇ ಪ್ಯಾರಾಮೀಟರ್ ಸೇರಿಸುವ ಡೇಟಾಲಿಂಕ್ ಇದೆ ನಿಜ, ಆದರೆ ಕಳಿಸಲು ನಾಲ್ಕು, ಓದಲು ನಾಲ್ಕು, ಅಷ್ಟೇ. ಹಾಗಾಗಿ ಎಕ್ಸ್‌ಪ್ಲಿಸಿಟ್ ಮೆಸೇಜ್, ಅಂದರೆ ಬೇಕಾದಾಗ ಕಳಿಸುವ ಬಿಡಿ ಮೆಸೇಜ್, ಆರಿಸಿಕೊಂಡೆ. ಅದು ಟಿಸಿಪಿ ಪೋರ್ಟ್ 44818ರಲ್ಲಿ ಹೋಗುತ್ತದೆ. ನಾವು ಕೇಳಿದಾಗ ಮಾತ್ರ ಹೋಗುತ್ತದೆ, ಡ್ರೈವ್ ಪ್ರತಿ ಸಲ ಉತ್ತರ ಕೊಡುತ್ತದೆ.

ಲ್ಯಾಡರ್‌ನಲ್ಲಿ (ಪಿಎಲ್‌ಸಿ ಪ್ರೋಗ್ರಾಂನಲ್ಲಿ) ಮೆಸೇಜ್ ಕಳಿಸುವ ಎಂಎಸ್‌ಜಿ ಬ್ಲಾಕ್ ಇಟ್ಟು, ಮೆಸೇಜ್ ಬಗೆಯಾಗಿ ಸಿಐಪಿ ಜೆನರಿಕ್ ಆರಿಸಿದೆ. ಬರೆಯಲು ಸರ್ವಿಸ್ ಕೋಡ್ ಹೆಕ್ಸ್ (16ರ ಆಧಾರದ ಸಂಖ್ಯೆ) 10, ಕ್ಲಾಸ್ ಹೆಕ್ಸ್ 93. ಇನ್‌ಸ್ಟೆನ್ಸ್ ಅಂದರೆ ಪ್ಯಾರಾಮೀಟರ್ ನಂಬರ್, ಇದನ್ನು ಮಾತ್ರ ದಶಮಾನದಲ್ಲಿ ಹಾಕಬೇಕು. ಪಿ041ಕ್ಕೆ 41. ಡೇಟಾ 2 ಬೈಟ್. ವ್ಯಾಲ್ಯೂ 0.01 ಸೆಕೆಂಡ್ ಲೆಕ್ಕದಲ್ಲಿ ಹೋಗುತ್ತದೆ, ಹಾಗಾಗಿ 3.50 ಸೆಕೆಂಡ್ ಬೇಕಿದ್ದರೆ 350 ಕಳಿಸಬೇಕು.

ಅದೇ ಬ್ಲಾಕ್‌ನಲ್ಲಿ ತುಂಬಬೇಕಾದ ಆಟ್ರಿಬ್ಯೂಟ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. 9 ಹಾಕಿದರೆ ವ್ಯಾಲ್ಯೂ ಡ್ರೈವ್‌ನ ಶಾಶ್ವತ ಮೆಮೊರಿಗೆ ಹೋಗುತ್ತದೆ, ಪವರ್ ಹೋದರೂ ಉಳಿಯುತ್ತದೆ. ಆದರೆ ಆ ಮೆಮೊರಿಗೆ ಇಷ್ಟು ಸಲ ಮಾತ್ರ ಬರೆಯಬಹುದು ಅನ್ನೋ ಮಿತಿ ಇದೆ. ಹೆಕ್ಸ್ ಎ ಹಾಕಿದರೆ ರ‍್ಯಾಮ್‌ಗೆ, ಅಂದರೆ ತಾತ್ಕಾಲಿಕ ಮೆಮೊರಿಗೆ, ಹೋಗುತ್ತದೆ. ಪವರ್ ಹೋದರೆ ಮರೆತುಹೋಗುತ್ತದೆ, ಆದರೆ ಎಷ್ಟು ಸಲ ಬರೆದರೂ ಡ್ರೈವ್ ಸವೆಯುವುದಿಲ್ಲ. ಸೈಜ್ ಬದಲಾವಣೆ ವರ್ಷಗಟ್ಟಲೆ ನಡೆಯುವ ಕೆಲಸ ಅಲ್ವಾ, ನಾನು ಎ ಆರಿಸಿದೆ. ವ್ಯಾಲ್ಯೂಗಳನ್ನು ನೆನಪಿಟ್ಟುಕೊಳ್ಳುವ ಜವಾಬ್ದಾರಿ ಪಿಎಲ್‌ಸಿಯದ್ದು, ಡ್ರೈವ್‌ನದ್ದಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹೀಗೆ ಮಾಡಿದ ಮೇಲೆ ಪವರ್ ಹೋಗಿ ಬಂದ ಡ್ರೈವ್‌ಗೆ ಮತ್ತೆ ಹೇಳಬೇಕಾಗುತ್ತದೆ. ಅದಕ್ಕೆ ಜಿಎಸ್‌ವಿಯಿಂದ (ಪಿಎಲ್‌ಸಿಯ ಒಳ ಮಾಹಿತಿ ಓದುವ ಆದೇಶ) ಪ್ರತಿ ಮಾಡ್ಯೂಲ್‌ನ, ಅಂದರೆ ಇಲ್ಲಿ ಪ್ರತಿ ಡ್ರೈವ್‌ನ, ಎಂಟ್ರಿ ಸ್ಟೇಟಸ್ ಓದುತ್ತೇನೆ. ಅದು ಹೆಕ್ಸ್ 4000ಕ್ಕೆ ಮರಳಿದರೆ ಕನೆಕ್ಷನ್ ಮತ್ತೆ ಓಡುತ್ತಿದೆ ಅಂತ ಅರ್ಥ. ಆಗ ಆ ಡ್ರೈವ್‌ಗೆ ಮಾತ್ರ ಈಗಿನ ಸೈಜ್‌ನ ವ್ಯಾಲ್ಯೂಗಳು ಹೋಗುತ್ತವೆ.

ಎಲ್ಲ ಡ್ರೈವ್‌ಗೂ ಒಟ್ಟಿಗೆ ಮೆಸೇಜ್ ಎಸೆಯುವುದಿಲ್ಲ. ಒಂದರ ಡನ್ ಬಿಟ್ (ಮೆಸೇಜ್ ಮುಗಿದ ಗುರುತು) ಬಂದ ಮೇಲೆ ಮುಂದಿನದು. ಬರೆದ ತಕ್ಷಣ ಸರ್ವಿಸ್ ಹೆಕ್ಸ್ ಇ ಕಳಿಸಿ ವಾಪಸ್ ಓದುತ್ತೇನೆ. ಎರಡೂ ತಾಳೆಯಾದರೆ ಮಾತ್ರ ಎಚ್‌ಎಂಐನಲ್ಲಿ ಆ ಡ್ರೈವ್ ಹಸಿರಾಗುತ್ತದೆ. ಎರರ್ ಬಿಟ್ ಬಂದರೆ ಕೋಡ್ ಹಿಡಿದಿಟ್ಟು ತೋರಿಸುತ್ತೇನೆ, ಲೈನ್ ಸ್ಟಾರ್ಟ್ ಆಗಲು ಬಿಡುವುದಿಲ್ಲ.

ಕಳಿಸುವ ಮುಂಚೆ ಪಿಎಲ್‌ಸಿಯಲ್ಲೇ ಕನಿಷ್ಠ, ಗರಿಷ್ಠ ಮಿತಿ ನೋಡುವುದು ಬಹಳ ಮುಖ್ಯ. ಯಾರೋ ಪಿ042ಕ್ಕೆ ಸೊನ್ನೆ ಒತ್ತಿದರೆ ಡ್ರೈವ್ ಅದನ್ನೂ ಒಪ್ಪಿಕೊಳ್ಳುತ್ತದೆ. ಆಮೇಲೆ ಭಾರ ಹೊತ್ತ ಬೆಲ್ಟ್ ಗಕ್ಕನೆ ನಿಲ್ಲಲು ಹೋಗಿ, ಮೋಟಾರಿನಿಂದ ವಾಪಸ್ ಬರುವ ಶಕ್ತಿಯಿಂದ ಡ್ರೈವ್ ಒಳಗಿನ ಡಿಸಿ ಬಸ್ ವೋಲ್ಟೇಜ್ ಏರಿ ಎಫ್005 (ಓವರ್‌ವೋಲ್ಟೇಜ್) ಟ್ರಿಪ್ ಆಗಬಹುದು. ಪಿ044, ಅಂದರೆ ಗರಿಷ್ಠ ಫ್ರೀಕ್ವೆನ್ಸಿ, ಡ್ರೈವ್ ನಿಂತಿರುವಾಗ ಮಾತ್ರ ಬದಲಾಯಿಸುವಂಥದ್ದು. ಅದಕ್ಕೇ ಇಡೀ ಸರಣಿಯನ್ನು ಲೈನ್ ನಿಂತ ಮೇಲೆ ಓಡಿಸುತ್ತೇನೆ.

ಸ್ಪೀಡ್ ರೆಫರೆನ್ಸ್ ಮತ್ತು ಸ್ಟಾಪ್ ಅನ್ನು ಈ ದಾರಿಯಲ್ಲಿ ಎಂದೂ ಕಳಿಸಬೇಡಿ. ಎಂಎಸ್‌ಜಿ ಬ್ಲಾಕ್ ಪಿಎಲ್‌ಸಿಯ ಸ್ಕ್ಯಾನ್ (ಪ್ರೋಗ್ರಾಂನ ಒಂದು ಸುತ್ತು) ಜೊತೆ ಹೆಜ್ಜೆ ಹಾಕುವುದಿಲ್ಲ, ಉತ್ತರ ಯಾವಾಗ ಬರುತ್ತದೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ.