ಇಪ್ಪತ್ತೈದು ಸಾವಿರ ಗುಳ್ಳೆ ಬಿಡಿಸಲು ಹೋಗಿ

ಸ್ಕೂಟರ್ ಮೀಟರಿಗೆ ಒಂದು ಲೈಟ್ ಗೈಡ್ ಮಾಡಬೇಕಿತ್ತು. 80 ಮಿ.ಮೀ. ಉದ್ದ, 50 ಮಿ.ಮೀ. ಅಗಲದ ಅಕ್ರಿಲಿಕ್ ಫಲಕ, ಒಂದು ಅಂಚಿಗೆ ನಾಲ್ಕು ಎಲ್‌ಇಡಿ. ಅಂಚಿನಿಂದ ನುಗ್ಗಿದ ಬೆಳಕು ಮೇಲ್ಮೈ ಪೂರ್ತಿ ಒಂದೇ ಸಮನೆ ಹೊರಬರಬೇಕು. ಅದಕ್ಕಾಗಿ ಫಲಕದ ತಳದಲ್ಲಿ ಬೆಳಕನ್ನು ದಾರಿ ತಪ್ಪಿಸಿ ಹೊರಗೆ ಹಾಕುವ, ಕಂಡೂ ಕಾಣದಂಥ ಉಬ್ಬು ಗುಳ್ಳೆಗಳಿರುತ್ತವೆ. ನನ್ನವು ಒಂದೊಂದೂ 100 ಮೈಕ್ರಾನ್ ಅಗಲ, 25 ಮೈಕ್ರಾನ್ ಎತ್ತರ.

ಮೆಕ್ಯಾನಿಕಲ್ ಡ್ರಾಯಿಂಗ್ ಮಾಡಿಕೊಂಡು ಬಂದವನು ನಾನು. ಹಾಗಾಗಿ ಗುಳ್ಳೆಗಳನ್ನೂ ಕ್ಯಾಡ್‌ನಲ್ಲೇ ಬಿಡಿಸಿದೆ, 0.4 ಮಿ.ಮೀ.ಗೊಂದರಂತೆ 25,000. ಪ್ಯಾಟರ್ನ್ ಕಮಾಂಡ್ ಕೊಟ್ಟು ಊಟಕ್ಕೆ ಹೋಗಿ ಬಂದರೂ ಅದು ಇನ್ನೂ ತಿರುಗುತ್ತಲೇ ಇತ್ತು. ಅಂತೂ ಸಿಕ್ಕ ಸ್ಟೆಪ್ ಫೈಲನ್ನು (ಕ್ಯಾಡ್ ಆಕಾರವನ್ನು ಬೇರೆ ಸಾಫ್ಟ್‌ವೇರಿಗೆ ಒಯ್ಯುವ ಫೈಲು) ಕಿರಣಗಳ ದಾರಿ ಲೆಕ್ಕ ಹಾಕುವ ಆಪ್ಟಿಕಲ್ ಸಾಫ್ಟ್‌ವೇರಿಗೆ ಹಾಕಿದರೆ ಸ್ಕ್ರೀನ್ ಬೆಳ್ಳಗಾಗಿ ಕೂತಿತು. ತೆರೆದುಕೊಂಡಿದ್ದರೂ ಏನು ಬಂತು? ಅಂತರ ಬದಲಿಸಿದಾಗಲೆಲ್ಲ ಮತ್ತೆ ಮೊದಲಿಂದ.

ಲೈಟ್‌ಟೂಲ್ಸ್ ಎಂಬ ಆಪ್ಟಿಕಲ್ ಸಾಫ್ಟ್‌ವೇರಿನಲ್ಲಿ ಇದಕ್ಕೆಂದೇ 3ಡಿ ಟೆಕ್ಸ್ಚರ್ ಇದೆ. ಟ್ರೇಸ್‌ಪ್ರೊ ಎಂಬ ಇನ್ನೊಂದರಲ್ಲಿ ರೆಪ್‌ಟೈಲ್ ಅನ್ನುತ್ತಾರೆ. ಮೇಲ್ಮೈಗೆ ಬಣ್ಣ ಕೊಟ್ಟ ಹಾಗೆ ಗುಳ್ಳೆ ಕೊಡುವುದು. ಆಕಾರ ಒಮ್ಮೆ ಹೇಳಿ, ಅಂತರ ಹೇಳಿದರೆ ಮುಗಿಯಿತು. ಕಿರಣ ತಳಕ್ಕೆ ಬಡಿದ ಜಾಗದಲ್ಲಿ ಯಾವ ಗುಳ್ಳೆ ಬರುತ್ತದೋ ಅಷ್ಟನ್ನೇ ಅದು ಲೆಕ್ಕ ಹಾಕುತ್ತದೆ.

ಟೆಕ್ಸ್ಚರ್ ಹಚ್ಚುವ ಮುಂಚೆ ಬರೀ ಫಲಕವನ್ನು ಓಡಿಸಿ ನೋಡಬೇಕು ಅನ್ನುವುದನ್ನು ಮಾತ್ರ ಪೆಟ್ಟು ತಿಂದೇ ಕಲಿತೆ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ 1.49, ಕ್ರಿಟಿಕಲ್ ಆಂಗಲ್ ಸುಮಾರು 42 ಡಿಗ್ರಿ; ಲಂಬದಿಂದ ಅದಕ್ಕಿಂತ ಓರೆಯಾಗಿ ಒಳಗಿನಿಂದ ಮೇಲ್ಮೈಗೆ ಬಡಿದ ಬೆಳಕು ಹೊರಬರದು. ಗಾಳಿಯಿಂದ ಚಪ್ಪಟೆ ಅಂಚಿನೊಳಗೆ ಬಂದ ಕಿರಣ ಎಷ್ಟೇ ಓರೆಯಾಗಿ ಬರಲಿ, ಒಳಗೆ 42 ಡಿಗ್ರಿಗಿಂತ ಹೆಚ್ಚು ವಾಲದು. ಹಾಗಾಗಿ ಅದು ಮೇಲ್ಮೈಗೆ ಲಂಬದಿಂದ ಕನಿಷ್ಠ 48 ಡಿಗ್ರಿಯಲ್ಲಿ ಬಡಿದು ಒಳಕ್ಕೇ ವಾಪಸಾಗುತ್ತದೆ. ಅಂದರೆ ನುಣುಪು ಫಲಕದ ಮೇಲ್ಮೈಯಿಂದ ಒಂದು ಕಿರಣವೂ ಹೊರಬರಬಾರದು. ನನ್ನದರಲ್ಲಿ ಬರುತ್ತಿತ್ತು! ಜೂಮ್ ಮಾಡಿ ನೋಡಿದರೆ ಎಲ್‌ಇಡಿಯ ಮುಖ ಕೂದಲೆಳೆಯಷ್ಟು ಫಲಕದೊಳಗೆ ಹೊಕ್ಕಿತ್ತು. ಅಂಚಿನಲ್ಲಿ ಬಾಗುವ ಪ್ರಶ್ನೆಯೇ ಇಲ್ಲದೆ ಕಿರಣಗಳು ಅಕ್ರಿಲಿಕ್‌ನ ಒಳಗೇ ಹುಟ್ಟುತ್ತಿದ್ದವು. 0.1 ಮಿ.ಮೀ. ಗಾಳಿ ಬಿಟ್ಟೆ, ಸೋರಿಕೆ ನಿಂತಿತು. ಅಷ್ಟರಲ್ಲಿ ಮೂರು ದಿನ ಗುಳ್ಳೆಯ ಎತ್ತರವನ್ನೇ ತಿದ್ದುತ್ತಾ ಕೂತಿದ್ದೆ.

ಕೆಳಕ್ಕೆ ಸೋರಿದ ಬೆಳಕನ್ನು ಮೇಲಕ್ಕೆ ಕಳಿಸಲು ಫಲಕದಡಿ ಇಡುವ ಬಿಳಿ ಹಾಳೆಯದೂ ಅದೇ ಕಥೆ. ಅದನ್ನು 10 ಮೈಕ್ರಾನ್ ಕೆಳಗಿಟ್ಟಿದ್ದೆ, 25 ಮೈಕ್ರಾನಿನ ಉಬ್ಬು ಅದರೊಳಗೆ ತೂರಿತ್ತು. ಗುಳ್ಳೆ ಪರದೆಯ ಮೇಲೆ ಕಾಣುವುದಿಲ್ಲವಲ್ಲ, ತೂರಿದ್ದೂ ಕಾಣಲಿಲ್ಲ.

ಗುಳ್ಳೆಗಳು ಎಲ್ಲೆಡೆ ಒಂದೇ ಅಂತರದಲ್ಲಿದ್ದರೆ ಎಲ್‌ಇಡಿ ಹತ್ತಿರ ಬೆಳಕು ಚೆಲ್ಲಿಹೋಗಿ ದೂರಕ್ಕೆ ಉಳಿಯುವುದಿಲ್ಲ. ಅದಕ್ಕೇ ದೂರ ಹೋದಷ್ಟೂ ದಟ್ಟ ಮಾಡುತ್ತಾ ಹೋಗಬೇಕು. ನಾನು 0.4 ಮಿ.ಮೀ.ಯಿಂದ ಶುರುಮಾಡಿ ಆಚೆ ತುದಿಗೆ 0.15ಕ್ಕೆ ಇಳಿಸಿದೆ. ಫಲಿತಾಂಶದ ಚಿತ್ರ ತುಂಬಾ ಕಲೆಕಲೆ. ಒಂದೊಂದು ಕಲೆಯನ್ನೂ ಅಂತರ ಬದಲಿಸಿ ಅಳಿಸಹೊರಟೆ. ಒಂದು ಹೋದರೆ ಇನ್ನೊಂದು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಬಗ್ಗಿ ನೋಡಿ, "ಕಿರಣ ಎಷ್ಟು ಬಿಟ್ಟಿದ್ದೀರಿ?" ಅಂದರು. "ಒಂದು ಲಕ್ಷ, ಸಾರ್." "ಚೌಕ ಎಷ್ಟಿದೆ?" ಕಿರಣ ಎಣಿಸಲು ಫಲಕದ ಮೇಲ್ಮೈಯನ್ನು ಮಿಲಿಮೀಟರಿಗೊಂದು ಚೌಕವಾಗಿ ಹಂಚಿದರೆ 4,000. ಎಲ್ಲ ಕಿರಣ ಮೇಲೆ ಬಂದರೂ ಚೌಕಕ್ಕೆ 25. ಅದರ ವರ್ಗಮೂಲ 5, ಎಣಿಕೆ ಅಷ್ಟು ಹೆಚ್ಚುಕಡಿಮೆ ಆಗುವುದು ಸಹಜ; ಅಂದರೆ ಶೇ. 20ರಷ್ಟು ಏರಿಳಿತ ಬರೀ ಲೆಕ್ಕದ್ದು, ಗುಳ್ಳೆಯದಲ್ಲ. 40 ಲಕ್ಷ ಕಿರಣ ಬಿಟ್ಟ ಮೇಲೆ ಕಲೆಗಳು ತಾವಾಗೇ ಹೋದವು.

ಪೀಣ್ಯದಲ್ಲಿ ಮೋಲ್ಡ್ ಆಗಿ ಬಂದ ಮೊದಲ ಪೀಸಿನಲ್ಲಿ ಎಲ್‌ಇಡಿ ಪಕ್ಕ ಮಂಕು, ಆಚೆ ತುದಿ ಪ್ರಖರ. ನಾನು ಹೆದರಿದ್ದಕ್ಕೆ ಪೂರಾ ಉಲ್ಟಾ. ಮೈಕ್ರೋಸ್ಕೋಪಿನಡಿ ಇಟ್ಟರೆ ಗುಳ್ಳೆಗಳ ತುದಿ ಚಪ್ಪಟೆಯಾಗಿತ್ತು. ಪ್ಲಾಸ್ಟಿಕ್ ಅಚ್ಚಿನ ಗುಳಿಯ ತಳ ಮುಟ್ಟಿರಲಿಲ್ಲ. ಎತ್ತರ ಸುಮಾರು 21 ಮೈಕ್ರಾನ್. ತಗ್ಗಿದ ಗುಳ್ಳೆ ದಾರಿಯಲ್ಲಿ ಬೆಳಕನ್ನು ಹೊರಗೆ ಹಾಕುವುದು ಕಡಿಮೆ, ಮಿಕ್ಕಿದ್ದು ಆಚೆ ತುದಿಗೆ ಹೋಗಿ ಸೇರುತ್ತದೆ. ಮಾಡೆಲ್‌ನಲ್ಲಿ 25 ಇದ್ದ ಕಡೆ 21 ಹಾಕಿ, ತುದಿ ಚಪ್ಪಟೆ ಮಾಡಿ ಓಡಿಸಿದೆ. ಪೀಸಿನಲ್ಲಿ ಕಂಡ ಪ್ರಖರ ಪಟ್ಟಿ ಪರದೆಯ ಮೇಲೂ ಬಂತು. ಇಡೀ ಅಚ್ಚನ್ನು ಬದಲಿಸಲು ಹೋಗಲಿಲ್ಲ, 21ನ್ನೇ ಇಟ್ಟುಕೊಂಡು ಅಂತರಗಳನ್ನು ಹೊಸದಾಗಿ ಲೆಕ್ಕ ಹಾಕಲು ಕೂತೆ; ಹೊಸ ಅಂತರಕ್ಕೆ ಅಚ್ಚಿನೊಳಗೆ ಗುಳ್ಳೆಯಿರುವ ಬಿಡಿ ತುಂಡು, ಅಂದರೆ ಇನ್‌ಸರ್ಟ್ ಒಂದನ್ನು ಬದಲಿಸಿದರೆ ಸಾಕಿತ್ತು.