ಜೋಳದ ದಂಟಿನ ನೀರು, ಶೇಂಗಾ ಹೊಲದ ಕಸ

ಕುಷ್ಟಗಿ ಸೀಮೆಯ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಶೇಂಗಾಕ್ಕೆ ಎರಡು ಸಲ ಕಸ ತೆಗೆಸಿದರೆ ಎಕರೆಗೆ ಸುಮಾರು 7,000 ರೂಪಾಯಿ ಬೇಕು. ಈ ಮುಂಗಾರಿನಲ್ಲಿ ಅದು 3,500ರ ಆಸುಪಾಸಿಗೆ ಇಳಿದಿದೆ. ಕಳೆನಾಶಕ ಒಂದು ಹನಿಯೂ ಬಿದ್ದಿಲ್ಲ. ಬಿದ್ದದ್ದು ಜೋಳದ ದಂಟು ನೆನೆಸಿದ ನೀರು.

ಜೋಳದ ಕೂಳೆ ಉಳಿದ ಕಡೆ ಮುಂದಿನ ಬೆಳೆ ಮಂಕಾಗುವುದು ನಿಮಗೆಲ್ಲ ಗೊತ್ತು. ಜೋಳದಿಂದ ಇಳಿಯುವ ಸತ್ವ ಬೇರೆ ಬೀಜಗಳ ಮೊಳಕೆಯನ್ನೂ ಬೆಳವಣಿಗೆಯನ್ನೂ ತಡೆಯುತ್ತದೆ. ಆ ಗುಣವನ್ನು ಕಸದ ಮೇಲೆಯೇ ತಿರುಗಿಸಲು ಹೊರಟಾಗ ಪಕ್ಕದ ಹೊಲದ ಕಾಕಾ, "ಎತ್ತಿನ ಮೇವನ್ನು ಕಷಾಯ ಮಾಡಿ ಭೂಮಿಗೆ ಕುಡಿಸುತ್ತೀಯೇನಪ್ಪಾ?" ಎಂದು ನಕ್ಕರು. ನಾನು ಬಳಸಿದ್ದು ದನ ತಿಂದು ಬಿಟ್ಟ ಗಟ್ಟಿ ಬುಡಗಳನ್ನು. ಮೇವಿಗೆ ಒಂದು ಸಿವುಡೂ ಕಡಿಮೆಯಾಗಲಿಲ್ಲ.

ಮೊದಲ ವರ್ಷ ನೀರನ್ನು ಕುದಿಸಿ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿದೆ. ಕಟ್ಟಿಗೆಗೇ ಆರೇಳು ನೂರು ಹೋಯಿತು, ಮೇಲೆ ಮನೆಯವರ ಬೈಗುಳ. ಮರುವರ್ಷ ಕುದಿಸುವುದನ್ನು ಬಿಟ್ಟೆ. ಡ್ರಮ್ಮಿನಲ್ಲಿಟ್ಟ ನೀರು ಮೂರು ದಿನಕ್ಕೆ ಕೊಳೆತು ನಾರಿತು. ಸಿಂಪಡಿಸಿದರೂ ಕಸ ನಗುತ್ತಲೇ ಇತ್ತು. ಅದೇ ಹಂಗಾಮಿನಲ್ಲಿ ಎರಡು ಸಲ ಪಂಪಿನ ನಾಜಲ್ ಕಟ್ಟಿಕೊಂಡಿತು. ಈಗ 200 ಲೀಟರ್ ಡ್ರಮ್ಮಿಗೆ ಚೆನ್ನಾಗಿ ಒಣಗಿ ತುಂಡಾದ ದಂಟು ಸುಮಾರು 20 ಕಿಲೋ, ಒಂದು ಹಗಲು ಒಂದು ರಾತ್ರಿ ನೆನೆಸಿ, ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಅದೇ ಸಂಜೆ ಸಿಂಪಡಿಸಿ ಮುಗಿಸುತ್ತೇನೆ. ಬಿತ್ತಿದ ಮರುದಿನ ಒಂದು ಸಲ, ಇಪ್ಪತ್ತು ದಿನದ ಹೊತ್ತಿಗೆ ಇನ್ನೊಂದು ಸಲ. ನೀರು ಎಲೆಗೆ ಅಂಟಲು ಬೆರೆಸುವ ವಸ್ತು ನಿಮ್ಮ ಅಡುಗೆಮನೆಯಲ್ಲೇ ಇದೆ. ಹೆಸರನ್ನು ಇನ್ನೊಂದು ಮುಂಗಾರು ಕಳೆದ ಮೇಲೆ ಹೇಳುತ್ತೇನೆ.

ಶೇಂಗಾಕ್ಕೆ ಏನೂ ಆಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ತಟ್ಟೆಯಲ್ಲಿ ಈ ನೀರಿನಿಂದಲೇ ಒದ್ದೆ ಮಾಡಿದ ಕಾಗದ ಹಾಸಿ, ಬೀಜ ಇಟ್ಟು ನೋಡಿದ್ದೇನೆ: ನವಣೆ ಅರ್ಧಕ್ಕರ್ಧ ಮೊಳೆಯಲೇ ಇಲ್ಲ, ಶೇಂಗಾ ಒಂದು ದಿನ ತಡವಾದರೂ ಎಲ್ಲವೂ ಎದ್ದವು. ಸಣ್ಣ ಬೀಜಕ್ಕೆ ಪೆಟ್ಟು ಹೆಚ್ಚು, ಕಸದ ಬೀಜಗಳೂ ಬಹುಪಾಲು ಸಣ್ಣವೇ. ಗರಿಕೆ, ಜೇಕುಗಳಿಗೆ ಮಾತ್ರ ಇದು ತಲೆಸ್ನಾನವಿದ್ದಂತೆ. ಅವನ್ನು ಕಿತ್ತೇ ತೀರಬೇಕು. ನವಣೆ, ಎಳ್ಳಿನ ಹೊಲದ ಹತ್ತಿರ ಈ ಪಂಪನ್ನು ಒಯ್ಯಬೇಡಿ.

ಕಾಂಗ್ರೆಸ್ ಕಸದ ರಸವನ್ನೂ ತಟ್ಟೆಗೆ ಹಾಕಿದ್ದೆ. ನವಣೆ ಬಹುತೇಕ ಸತ್ತಿತು, ನನ್ನ ಕೈ ವಾರವಿಡೀ ತುರಿಸಿತು. ಅದು ತಟ್ಟೆಗೇ ಮುಗಿಯಿತು. ನುಗ್ಗೆ ಸೊಪ್ಪಿನ ರಸದ್ದು ಇದಕ್ಕೆ ತದ್ವಿರುದ್ಧ: ಒಂದು ಪಾಲು ರಸಕ್ಕೆ ಮೂವತ್ತು ಪಾಲು ನೀರು ಬೆರೆಸಿ ಜೋಳದ ಬೀಜವನ್ನು ರಾತ್ರಿ ನೆನೆಸಿದರೆ ಮೊಳಕೆ ಬೇಗ, ಬೇರು ಉದ್ದ. ರಸ ದಪ್ಪವಾದರೆ ಅದೂ ಬೀಜವನ್ನು ತಡೆಯುತ್ತದೆ. ಈ ಹಿಂಗಾರಿಯಲ್ಲಿ ನೆನೆಸಿದ ಬೀಜವನ್ನೂ ನೆನೆಸದ್ದನ್ನೂ ಅಕ್ಕಪಕ್ಕ ಬಿತ್ತಿದ್ದೇನೆ. ರಾಶಿಯ ದಿನ ಎರಡನ್ನೂ ಬೇರೆ ಬೇರೆ ತೂಗಿಸುತ್ತೇನೆ.