ಪರಿಸರ ವಿಜ್ಞಾನ ಓದೋಕೆ ಹೊರದೇಶಕ್ಕಾ? ಮೊದಲು ಸಿಲಬಸ್ ನೋಡಿ

ಹೊರದೇಶದಲ್ಲಿ ಡಿಗ್ರಿ ಓದುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ‘ಯಾವ ದೇಶ?’ ಅಂತ. ಪರಿಸರ ವಿಜ್ಞಾನದ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಹೆಸರು ಒಂದೇ ಇದ್ದರೂ ಒಂದು ಕಡೆ ಮಣ್ಣು, ನೀರು, ರಸಾಯನಶಾಸ್ತ್ರ ಜಾಸ್ತಿ. ಇನ್ನೊಂದು ಕಡೆ ಕಾನೂನು, ಸರ್ಕಾರಿ ನೀತಿ, ಅರ್ಥಶಾಸ್ತ್ರವೇ ಜಾಸ್ತಿ. ಯಾವುದು ಬೇಕು ಅಂತ ತೀರ್ಮಾನವಾದರೆ ದೇಶದ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಮೊದಲು: ಇದು ನಿಮಗೆ ಹಿಡಿಸುತ್ತಾ ನೋಡಿ

ಕಾಡು, ಹುಲಿ, ಸಮುದ್ರದ ವಿಡಿಯೊ ನೋಡಿ ಈ ಕೋರ್ಸಿಗೆ ಸೇರುವವರು ಬಹಳ. ಒಳಗೆ ಹೋದ ಮೇಲೆ ಎದುರಾಗುವುದು ಅಂಕಿಗಳು. ಹಾಗಾಗಿ ಅರ್ಜಿಗೆ ಮುಂಚೆ ಒಂದು ಚಿಕ್ಕ ಪರೀಕ್ಷೆ ಮಾಡಿಕೊಳ್ಳಿ. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ 1958ರಿಂದ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ತಿಂಗಳುವಾರು ಅಂಕಿಗಳು ಹವಾಮಾನ, ಸಮುದ್ರಗಳ ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ‘ನೋವಾ’ದ ವೆಬ್‌ಸೈಟಿನಲ್ಲಿ ಉಚಿತ. ಅವನ್ನು ಇಳಿಸಿಕೊಂಡು ಸ್ಪ್ರೆಡ್‌ಶೀಟಿನಲ್ಲಿ ಗ್ರಾಫ್ ಹಾಕಿ. ಹತ್ತು ಲಕ್ಷಕ್ಕೆ ಸುಮಾರು 315 ಭಾಗದಲ್ಲಿ ಶುರುವಾದ ಗೆರೆ 420 ದಾಟಿರುವುದು ಕಾಣುತ್ತದೆ.

ಗೆರೆ ನೇರವಾಗಿಲ್ಲ, ಗರಗಸದ ಹಲ್ಲಿನಂತಿದೆ. ಮೇ ತಿಂಗಳಲ್ಲಿ ತುದಿ, ಸೆಪ್ಟೆಂಬರ್ ಹೊತ್ತಿಗೆ ತಗ್ಗು. ಉತ್ತರಾರ್ಧಗೋಳದ ಗಿಡಮರಗಳು ಜೂನ್, ಜುಲೈ, ಆಗಸ್ಟ್ ತಿಂಗಳ ಬೇಸಿಗೆಯಲ್ಲಿ ಕಾರ್ಬನ್ ಹೀರಿಕೊಳ್ಳುವುದೇ ಕಾರಣ. ಟಿಪ್ಪಣಿಯನ್ನೂ ಓದಿ: 2022ರ ನವೆಂಬರ್‌ನಲ್ಲಿ ಮೌನಾ ಲೋವಾ ಜ್ವಾಲಾಮುಖಿ ಸಿಡಿದು ಅಳತೆ ನಿಂತಿತು, ಕೆಲವು ತಿಂಗಳ ಅಂಕಿಗಳನ್ನು ಪಕ್ಕದ ಮೌನಾ ಕೇಯಾದಿಂದ ತೆಗೆದುಕೊಂಡರು. ‘ಹಾಗಾದ್ರೆ ಎರಡೂ ಜಾಗದ ಅಳತೆ ತಾಳೆಯಾಗುತ್ತಾ?’ ಅನ್ನುವ ಪ್ರಶ್ನೆ ನಿಮ್ಮ ತಲೆಗೆ ತಾನಾಗಿ ಬಂದರೆ ಧೈರ್ಯವಾಗಿ ಮುಂದುವರಿಯಿರಿ. ಬೇಜಾರು ಬಂದರೆ ಪರಿಸರ ನೀತಿ ಅಥವಾ ಪರಿಸರ ಅಧ್ಯಯನದ ಪದವಿ ನೋಡಿ. ಅದೇನೂ ಕಡಿಮೆಯದಲ್ಲ.

ಸಿಲಬಸ್ ಓದುವ ಬಗೆ

ರ‍್ಯಾಂಕಿಂಗ್ ಪಟ್ಟಿ ಬದಿಗಿಡಿ. ವಿಶ್ವವಿದ್ಯಾಲಯದ ಸೈಟಿನಲ್ಲಿ ವರ್ಷವಾರು ವಿಷಯಗಳ ಪಟ್ಟಿ ಇರುತ್ತದೆ, ಅದನ್ನು ತೆರೆಯಿರಿ. ನಾನಾದರೆ ಮೂರು ವಿಷಯ ಹುಡುಕುತ್ತೇನೆ. ಸಂಖ್ಯಾಶಾಸ್ತ್ರ ಕಡ್ಡಾಯವಾ? ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವುದು, ಕಲಿಸುತ್ತಾರಾ? ಫೀಲ್ಡ್ ವರ್ಕ್ ಎಷ್ಟು ದಿನ, ಅದರ ಖರ್ಚು ಯಾರದ್ದು? ಮೂರನೆಯದು ಸೈಟಿನಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಇಮೇಲ್ ಮಾಡಿ ಕೇಳಿ, ಸಂಕೋಚ ಬೇಡ.

ಈ ವಿಷಯಕ್ಕೆ ಹೆಸರಾದ ಜಾಗಗಳು ಹಲವು. ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ, 180 ಕ್ರೆಡಿಟ್‌ನ ಪದವಿ ಇಂಗ್ಲಿಷಿನಲ್ಲೇ ಇದೆ. ಅಲ್ಲಿ ಒಂದು ಕ್ರೆಡಿಟ್ ಅಂದರೆ 28 ಗಂಟೆ ಕೆಲಸ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಹವಾಮಾನ ಸಂಶೋಧನಾ ಘಟಕ 1972ರಲ್ಲೇ ಶುರುವಾಯಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಪರಿಸರ ವಿಭಾಗವಾದ ಫೆನ್ನರ್ ಸ್ಕೂಲ್ ಇದೆ.

ಅಮೆರಿಕಕ್ಕೆ ಹೋಗುವವರು ಇನ್ನೊಂದು ವಿಷಯ ಗಮನಿಸಿ. ಪದವಿ ಮುಗಿದ ಮೇಲೆ ಅಲ್ಲಿ 12 ತಿಂಗಳು ಕೆಲಸ ಮಾಡಲು ‘ಒಪಿಟಿ’ ಅವಕಾಶವಿದೆ. ಕೋರ್ಸು ‘ಸ್ಟೆಮ್’ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸಿಗಬಹುದು. ಇದನ್ನು ತೀರ್ಮಾನಿಸುವುದು ಕೋರ್ಸಿನ ‘ಸಿಐಪಿ’ ಕೋಡ್, ಅಂದರೆ ಅಮೆರಿಕದಲ್ಲಿ ಕೋರ್ಸುಗಳನ್ನು ವಿಷಯವಾರು ವಿಂಗಡಿಸುವ ಸಂಖ್ಯೆ. ಪರಿಸರ ವಿಜ್ಞಾನದ್ದು 03.0104, ಅದು ಪಟ್ಟಿಯಲ್ಲಿದೆ. ಆದರೆ ನಿಮ್ಮ ಕಾಲೇಜು ಅದೇ ಕೋಡ್ ಕೊಟ್ಟಿದೆಯಾ ಅಂತ ಸೇರುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ದುಡ್ಡಿನ ಲೆಕ್ಕ

ಜರ್ಮನಿಯಲ್ಲಿ ಓದು ಫ್ರೀ ಅನ್ನುವ ಮಾತು ಅರ್ಧ ಸತ್ಯ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತದೆ. ಪದವಿ ಕೋರ್ಸುಗಳು ಬಹುಪಾಲು ಜರ್ಮನ್ ಭಾಷೆಯಲ್ಲೇ ಇವೆ. ವೀಸಾಕ್ಕೆ ‘ಬ್ಲಾಕ್ಡ್ ಅಕೌಂಟ್’ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ಹಣ ತೆಗೆಯಬಹುದಾದ ಖಾತೆಯಲ್ಲಿ, ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೊಗೆ ಏರಿಸಿದರು. ಇಂಥ ಮೊತ್ತ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ವಾರ ಇನ್ನೊಮ್ಮೆ ನೋಡಿ.

ಸ್ಕಾಲರ್‌ಶಿಪ್ ವಿಷಯದಲ್ಲಿ ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಬಾಯಲ್ಲಿರುವ ಬ್ರಿಟನ್ ಸರ್ಕಾರದ ಚೀವ್ನಿಂಗ್, ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಎರಡೂ ಸ್ನಾತಕೋತ್ತರಕ್ಕೆ. ಪದವಿಗೆ ವಿಶ್ವವಿದ್ಯಾಲಯದ್ದೇ ನೆರವು ಹುಡುಕಬೇಕು. ಅಮೆರಿಕದ ಹಾರ್ವರ್ಡ್, ಯೇಲ್, ಆಮ್ಹರ್ಸ್ಟ್‌ನಂಥ ಕೆಲವು ಕಡೆ ವಿದೇಶಿಯರ ಹಣದ ಸ್ಥಿತಿ ನೋಡದೆ ಸೀಟು ತೀರ್ಮಾನಿಸಿ, ಆಮೇಲೆ ಅಗತ್ಯದಷ್ಟು ನೆರವು ಕೊಡುತ್ತಾರೆ. ಸೀಟು ಸಿಗುವುದೇ ಕಷ್ಟ, ಅದು ಬೇರೆ ಮಾತು.

ಅರ್ಜಿ, ಪ್ರಬಂಧ

ಬ್ರಿಟನ್‌ಗೆ ‘ಯುಕಾಸ್’ ಎಂಬ ಅರ್ಜಿ ಸೈಟಿನ ಮೂಲಕ ಐದು ಕೋರ್ಸುಗಳವರೆಗೆ ಆರಿಸಬಹುದು. 2026ರ ಪ್ರವೇಶದಿಂದ ಅಲ್ಲಿ ಒಂದೇ ಉದ್ದ ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಅಮೆರಿಕದ ‘ಕಾಮನ್ ಆ್ಯಪ್’ನಲ್ಲಿ ಪ್ರಬಂಧದ ಮಿತಿ 650 ಪದ. ನೆದರ್ಲೆಂಡ್ಸ್‌ಗೆ ‘ಸ್ಟುಡಿಲಿಂಕ್’ ಸೈಟಿನಲ್ಲಿ ಅರ್ಜಿ ಹಾಕಬೇಕು.

‘ಚಿಕ್ಕಂದಿನಿಂದ ಪ್ರಕೃತಿ ಅಂದ್ರೆ ಪ್ರಾಣ’ ಅಂತ ಶುರು ಮಾಡಬೇಡಿ, ದಯವಿಟ್ಟು. ಓದುವವರು ಅದನ್ನು ನೋಡಿ ನೋಡಿ ಸುಸ್ತಾಗಿದ್ದಾರೆ. ನೀವೇ ಅಳೆದದ್ದನ್ನು ಬರೆಯಿರಿ. ಪಾಚಿ ಇರುವ ಯಾವುದಾದರೂ ಕೊಳದ ಪಿಎಚ್ ಅನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಕೆಲವು ವಾರ ಅಳೆಯಿರಿ. ಬಿಸಿಲಿನಲ್ಲಿ ಪಾಚಿ ನೀರಿನ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಮಧ್ಯಾಹ್ನದ ಅಂಕಿ ಸಾಮಾನ್ಯವಾಗಿ ಮೇಲಿರುತ್ತದೆ. ಮೋಡ ಕವಿದ ದಿನ ಏನಾಯಿತು? ಅದನ್ನು ಬರೆದರೆ ಸಾಕು, ಪ್ರಬಂಧ ಎದ್ದು ಕಾಣುತ್ತದೆ.

ವೀಸಾ

ಸೀಟು ಖಚಿತವಾದ ಮೇಲೆ ವಿಶ್ವವಿದ್ಯಾಲಯವೇ ಕಾಗದ ಕೊಡುತ್ತದೆ: ಅಮೆರಿಕಕ್ಕೆ ‘ಐ-20’, ಬ್ರಿಟನ್‌ಗೆ ‘ಕ್ಯಾಸ್’ ಸಂಖ್ಯೆ. ಅದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಪಾರ್ಟ್‌ಟೈಮ್ ಕೆಲಸದ ಮೇಲೆ ಜೀವನ ನಡೆಸುತ್ತೇನೆ ಅನ್ನುವ ಲೆಕ್ಕ ಬೇಡ. ಪಾಠ ನಡೆಯುವಾಗ ಬ್ರಿಟನ್‌ನಲ್ಲಿ ಪದವಿ ವಿದ್ಯಾರ್ಥಿಗಳಿಗೆ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ ಮಿತಿ.

ಪರಿಸರ ವಿಜ್ಞಾನದವರು ಮರೆಯುವ ಒಂದು ಸಂಗತಿಯಿದೆ. ಫೀಲ್ಡ್ ವರ್ಕ್ ಬೇರೆ ದೇಶದಲ್ಲಿದ್ದರೆ ನಿಮ್ಮ ಪಾಸ್‌ಪೋರ್ಟಿಗೆ ಅಲ್ಲಿನ ವೀಸಾ ಬೇರೆಯೇ ಬೇಕಾಗಬಹುದು. ಬ್ರಿಟನ್‌ನ ವಿದ್ಯಾರ್ಥಿ ವೀಸಾ ಹಿಡಿದುಕೊಂಡು ಸ್ಪೇನ್‌ಗೋ ಪೋರ್ಚುಗಲ್‌ಗೋ ಹೋಗಲಾಗದು, ಅದಕ್ಕೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಟ್ರಿಪ್‌ನ ತಾರೀಕು ಗೊತ್ತಾದ ದಿನವೇ ವಿಭಾಗದ ಕಚೇರಿಯಿಂದ ಪತ್ರ ತೆಗೆದುಕೊಂಡು ಅಪಾಯಿಂಟ್‌ಮೆಂಟ್ ಹುಡುಕಲು ಶುರುಮಾಡಿ.